ವೆಬ್‌ಸೈಟ್ ಕಟ್ಟೋದೇನೋ ಸರಿ, ಆಮೇಲೆ ನೋಡಿಕೊಳ್ಳೋರು ಯಾರು?

ಮಾನ್ಯ ಸಂಪಾದಕರೇ,

ಸ್ವಂತ ವೆಬ್‌ಸೈಟ್ ಮಾಡಿಕೊಳ್ಳುವ ಬಗ್ಗೆ ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ. ಎಳೆದು ಇಟ್ಟು ಸೈಟ್ ಕಟ್ಟುವ ರೆಡಿಮೇಡ್ ಬಿಲ್ಡರ್, ವರ್ಡ್‌ಪ್ರೆಸ್ ಅನ್ನುವ ಸಾಫ್ಟ್‌ವೇರ್, ಸ್ವಂತ ಕೋಡ್, ಇಲ್ಲವೇ ಡೆವಲಪರ್‌ಗೆ ಒಪ್ಪಿಸುವುದು ಅಂತ ನಾಲ್ಕು ದಾರಿ ಹೇಳಿದ್ದರು. ಒಂದೊಂದರ ಮುಂದೆಯೂ ಎಷ್ಟು ಬೇಗ ಆಗುತ್ತದೆ, ಎಷ್ಟು ಸುಲಭ, ಎಷ್ಟು ಅಗ್ಗ ಅಂತ ಬರೆದಿದ್ದರು. ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ನನ್ನ ತಕರಾರು ಬರೆಯದೆ ಬಿಟ್ಟದ್ದರ ಬಗ್ಗೆ. ಕಟ್ಟುವ ಕೆಲಸ ವಾರದಲ್ಲೋ ತಿಂಗಳಲ್ಲೋ ಮುಗಿಯುತ್ತದೆ, ಆಮೇಲೆ ಅದನ್ನು ವರ್ಷಗಟ್ಟಲೆ ನಡೆಸಬೇಕಲ್ಲ, ಆ ಭಾಗದ ಬಗ್ಗೆ ಇಡೀ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ.

ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಈ ತಕರಾರು ಎಲ್ಲಿಂದ ಬಂತು ಅಂತ ಆಗ ಗೊತ್ತಾಗುತ್ತದೆ. ಬೇರೆಯವರು ಕಟ್ಟಿಕೊಟ್ಟು ಹೋದ ವೆಬ್‌ಸೈಟ್‌ಗಳನ್ನು ಸರಿ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಸೈಟ್ ಚೆನ್ನಾಗಿ ನಡೆಯುತ್ತಿದ್ದರೆ ನನ್ನನ್ನು ಯಾರೂ ಕರೆಯುವುದಿಲ್ಲ. ಹಾಗಾಗಿ ನನ್ನ ಕಣ್ಣಿಗೆ ಬೀಳುವುದೆಲ್ಲ ಕೆಟ್ಟದ್ದೇ, ಅದನ್ನು ಸ್ವಲ್ಪ ಕಳೆದು ಓದಿಕೊಳ್ಳಿ. ಆದರೂ ಒಂದು ಮಾತು ನಿಜ. ಡಿಸೈನ್ ಚೆನ್ನಾಗಿಲ್ಲ ಅಂತ ನನ್ನ ಹತ್ತಿರ ಬರುವವರು ಕಡಿಮೆ. ಫೋನ್ ನಂಬರ್ ಬದಲಾಗಿದೆ, ಸೈಟ್‌ನಲ್ಲಿ ಹೇಗೆ ಬದಲಾಯಿಸುವುದೋ ಗೊತ್ತಿಲ್ಲ. ಮಾಡಿಕೊಟ್ಟವರು ಫೋನ್ ಎತ್ತುತ್ತಿಲ್ಲ. ಪಾಸ್‌ವರ್ಡ್ ಯಾರ ಹತ್ತಿರ ಇದೆಯೋ ದೇವರಿಗೇ ಗೊತ್ತು. ಇಂಥವೇ ಜಾಸ್ತಿ.

ಅದಕ್ಕೇ ಯಾವ ದಾರಿ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ಅವರನ್ನೇ ತಿರುಗಿ ಕೇಳುತ್ತೇನೆ. ಈ ಸೈಟ್‌ನಲ್ಲಿ ಬದಲಾಗುವುದು ಏನು, ಎಷ್ಟು ದಿನಕ್ಕೊಮ್ಮೆ, ಬದಲಾಯಿಸುವವರು ಯಾರು? ನಾಳೆ ಈ ಕಂಪನಿ ಬೇಡ ಅನಿಸಿದರೆ ನಿಮ್ಮ ಬರಹ, ಚಿತ್ರ, ವಿಳಾಸ ಎತ್ತಿಕೊಂಡು ಹೋಗಲು ಆಗುತ್ತದಾ? ನಿಮ್ಮ ಲೇಖನದ ಪಟ್ಟಿಯಲ್ಲಿ ಈ ಎರಡಕ್ಕೂ ಒಂದೊಂದು ಕಾಲಂ ಇದ್ದಿದ್ದರೆ ಸುಲಭ ಅಂತ ಮೇಲೆ ಬಂದದ್ದು ಕೆಳಗೆ ಹೋಗುತ್ತಿತ್ತು, ಕಷ್ಟ ಅಂತ ಕೆಳಗೆ ಹಾಕಿದ್ದು ಮೇಲೆ ಬರುತ್ತಿತ್ತು. ಮುಂದೆ ಇಂಥ ಪಟ್ಟಿ ಹಾಕುವಾಗ ದಯವಿಟ್ಟು ಆ ಕಾಲಂಗಳನ್ನೂ ಸೇರಿಸಿ.

ಕೆಳಗೆ ಹಾಕಿದ್ದರಿಂದಲೇ, ಅಂದರೆ ಸ್ವಂತ ಕೋಡ್‌ನಿಂದಲೇ ಶುರು ಮಾಡುತ್ತೇನೆ. ಸಣ್ಣ ಸೈಟ್‌ಗಳಲ್ಲಿ ಹೆಚ್ಚಿನವು ನಾಲ್ಕೈದು ಪುಟದವು. ನಾವು ಯಾರು, ಏನು ಮಾಡುತ್ತೇವೆ, ಎಲ್ಲಿದ್ದೇವೆ, ಯಾವಾಗ ತೆರೆದಿರುತ್ತದೆ, ಯಾರಿಗೆ ಫೋನ್ ಮಾಡಬೇಕು. ವರ್ಷಕ್ಕೆ ಒಂದೋ ಎರಡೋ ಸಲ ಬದಲಾಗುವ ವಿಷಯ. ಇದಕ್ಕೆ ಡೇಟಾಬೇಸ್ (ಬರಹ, ಮಾಹಿತಿ ತುಂಬಿಡುವ ಕಣಜ) ಬೇಡ, ಲಾಗಿನ್ ಬೇಡ, ರಾಶಿ ಪ್ಲಗಿನ್ (ಹೊಸ ಸೌಲಭ್ಯಕ್ಕೆ ಸೇರಿಸುವ ಸಣ್ಣ ಸಾಫ್ಟ್‌ವೇರ್) ಬೇಡ. ಬರಹ ಮತ್ತು ಅದರ ಜೋಡಣೆಗೆ ಪುಟಕ್ಕೊಂದು ಎಚ್‌ಟಿಎಂಎಲ್ ಫೈಲ್, ಬಣ್ಣ ಅಳತೆ ನೋಡಿಕೊಳ್ಳಲು ಒಂದು ಸಿಎಸ್ಎಸ್ ಫೈಲ್, ಒಂದಷ್ಟು ಚಿತ್ರ, ಅಷ್ಟು ಸಾಕು. ಇದಕ್ಕೆ ಸ್ಟ್ಯಾಟಿಕ್ ಸೈಟ್ ಅಂತಾರೆ. ಸೈಟ್ ಇಟ್ಟಿರುವ ಕಂಪ್ಯೂಟರ್, ಅಂದರೆ ಸರ್ವರ್, ಇಲ್ಲಿ ಏನನ್ನೂ ಲೆಕ್ಕ ಹಾಕುವುದಿಲ್ಲ, ಕೇಳಿದ ಫೈಲ್ ತೆಗೆದುಕೊಡುತ್ತದೆ. ಆದ್ದರಿಂದ ಬೇಗ ತೆರೆಯುತ್ತದೆ. ಒಳನುಗ್ಗಲು ಲಾಗಿನ್ ಪುಟವೇ ಇಲ್ಲದ ಮೇಲೆ ಹ್ಯಾಕ್ ಮಾಡುವವರಿಗೂ ಕೆಲಸ ಕಡಿಮೆ. ಗಿಟ್‌ಹಬ್ ಪೇಜಸ್ ಅನ್ನುವ ಸೇವೆ 2008ರಿಂದ ಇಂಥ ಸೈಟ್‌ಗಳನ್ನು ಉಚಿತವಾಗಿ ಇಟ್ಟುಕೊಳ್ಳುತ್ತಿದೆ, 1 ಜಿಬಿ ತನಕ ಜಾಗ ಕೊಡುತ್ತದೆ. ನಾಲ್ಕೈದು ಪುಟಕ್ಕೆ ಅದರ ನೂರರಲ್ಲಿ ಒಂದು ಪಾಲೂ ಬೇಕಾಗುವುದಿಲ್ಲ.

'ಕೋಡ್ ನಮಗೆ ಬರಲ್ಲ' ಅಂತ ಹೆದರುವವರಿಗೆ ನಾನು ಒಂದು ಫೈಲ್ ತೆರೆದು ತೋರಿಸುತ್ತೇನೆ. ಫೋನ್ ನಂಬರ್ ಬದಲಾಯಿಸಬೇಕು ಅಂದುಕೊಳ್ಳಿ. ಸಂಪರ್ಕದ ಪುಟದ ಫೈಲ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಹಳೆಯ ನಂಬರ್ ಹುಡುಕಿ, ಅಳಿಸಿ, ಹೊಸದು ಹಾಕಿ ಸೇವ್ ಮಾಡಿ, ಆ ಒಂದು ಫೈಲ್ ಮತ್ತೆ ಅಪ್‌ಲೋಡ್ ಮಾಡಿ. ಒಂದು ಕಡೆ ಮಾತ್ರ ಎಚ್ಚರ ಬೇಕು. ನಂಬರ್ ಸಾಮಾನ್ಯವಾಗಿ ಎರಡು ಸಲ ಇರುತ್ತದೆ, ಕಣ್ಣಿಗೆ ಕಾಣುವುದು ಒಂದು, ಬೆರಳಿಂದ ಒತ್ತಿದರೆ ಕರೆ ಹೋಗುವ ಲಿಂಕ್ ಒಳಗೆ ಇನ್ನೊಂದು. ಮೊದಲನೆಯದನ್ನು ಮಾತ್ರ ಬದಲಾಯಿಸಿದರೆ ಪುಟದಲ್ಲಿ ಹೊಸ ನಂಬರ್ ಕಾಣುತ್ತದೆ, ಒತ್ತಿದರೆ ಹಳೆಯದಕ್ಕೇ ರಿಂಗ್ ಆಗುತ್ತದೆ. ದೊಡ್ಡ ದೊಡ್ಡವರ ಸೈಟ್‌ಗಳಲ್ಲೂ ಇದನ್ನು ನೋಡಿದ್ದೇನೆ. ಈಗಲೇ ನಿಮ್ಮ ಸೈಟ್ ತೆಗೆದು ಒತ್ತಿ ನೋಡಿ ಬೇಕಾದರೆ.

ಈ ಬರಿ ಫೈಲ್‌ಗಳ ದಾರಿ ಹಳೇ ಕಾಲದ್ದು ಅಂತ ಮೂಗು ಮುರಿಯುವವರಿದ್ದಾರೆ. ಹಳೇ ಕಾಲದ್ದೇ ಹೌದು. ವೆಬ್ ಅನ್ನೇ ಹುಟ್ಟುಹಾಕಿದ ಟಿಮ್ ಬರ್ನರ್ಸ್ ಲೀ ಸರ್ನ್ ಪ್ರಯೋಗಾಲಯದಲ್ಲಿ ಕಟ್ಟಿ 1991ರಲ್ಲಿ ಹೊರಗಿನವರಿಗೆ ತೆರೆದ ಮೊದಲ ವೆಬ್‌ಸೈಟ್ ಇದೇ ಥರದ್ದು. 2013ರಲ್ಲಿ ಸರ್ನ್ ಅದರ 1992ರ ಪ್ರತಿಯನ್ನು ಹಳೆಯ ವಿಳಾಸದಲ್ಲೇ ಮತ್ತೆ ಇಟ್ಟಿತು, ಇವತ್ತಿನ ಫೋನ್‌ನಲ್ಲೂ ಅದನ್ನು ಆರಾಮವಾಗಿ ಓದಬಹುದು. ಅದರ ಪಕ್ಕದಲ್ಲಿ ಫ್ಲ್ಯಾಶ್ ಅನ್ನುವ ಅನಿಮೇಷನ್ ಸಾಫ್ಟ್‌ವೇರ್ ಇಟ್ಟು ನೋಡಿ. ಒಂದು ಕಾಲದಲ್ಲಿ ಸೈಟ್ ಅಂದರೆ ಫ್ಲ್ಯಾಶ್‌ನಲ್ಲೇ ಮಾಡಿಸಬೇಕು ಅನ್ನುವ ಹುಚ್ಚು ಇತ್ತು, ತೆರೆದ ಕೂಡಲೇ ಏನೋ ಹಾರಾಡಬೇಕು, ಸಂಗೀತ ಬರಬೇಕು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಅದಕ್ಕೆ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಪ್ಲೇಯರ್ ಓಡುವುದನ್ನೇ ತಡೆಯಿತು. ಪೂರ್ತಿ ಫ್ಲ್ಯಾಶ್‌ನಲ್ಲಿ ಕಟ್ಟಿಸಿದ್ದವರ ಸೈಟ್‌ಗಳು ಅಲ್ಲಿಗೆ ಖಾಲಿ ಚೌಕ.

ಸ್ಟ್ಯಾಟಿಕ್ ಸೈಟ್‌ನಲ್ಲಿ ತೊಂದರೆ ಇಲ್ಲ ಅಂತಲ್ಲ. ಓದುಗರು ಬರೆದು ಕಳಿಸುವ ಫಾರ್ಮ್ ಬೇಕು ಅಂದರೆ ಅದನ್ನು ತೆಗೆದುಕೊಳ್ಳಲು ಆ ಕಡೆ ಏನಾದರೂ ಇರಲೇಬೇಕು, ಬರಿ ಎಚ್‌ಟಿಎಂಎಲ್‌ನಿಂದ ಆಗಲ್ಲ, ಬೇರೆ ಯಾರದೋ ಸೇವೆ ಜೋಡಿಸಬೇಕಾಗುತ್ತದೆ. ಕಾಮೆಂಟ್‌ಗೂ ಅದೇ ಕಥೆ. ಪುಟಗಳು ಜಾಸ್ತಿಯಾದರೆ ಇನ್ನೊಂದು ತಲೆನೋವು, ಮೇಲಿನ ಮೆನುವಿನಲ್ಲಿ ಒಂದು ಪದ ಬದಲಾಯಿಸಲು ಎಲ್ಲ ಫೈಲ್‌ಗಳನ್ನೂ ತೆರೆಯಬೇಕು. ಅದಕ್ಕೆ ಜೆಕಿಲ್, ಹ್ಯೂಗೋ ಥರದ ಸಾಫ್ಟ್‌ವೇರ್‌ಗಳಿವೆ. ಬರಹವನ್ನು ಮಾರ್ಕ್‌ಡೌನ್ ಅನ್ನುವ ಸರಳ ರೂಪದಲ್ಲಿ ಬರೆದಿಟ್ಟರೆ ಅವು ಎಲ್ಲ ಪುಟಗಳನ್ನೂ ಒಟ್ಟಿಗೆ ತಯಾರು ಮಾಡಿಕೊಡುತ್ತವೆ. ಶುರುವಿನಲ್ಲಿ ಕಪ್ಪು ತೆರೆ ಮೇಲೆ ಕಮಾಂಡ್ ಹೊಡೆಯಬೇಕು, ಅಭ್ಯಾಸ ಇಲ್ಲದವರಿಗೆ ಅದು ಕಷ್ಟವೇ. ನಾಳೆ ಹ್ಯೂಗೋ ಮಾಡುವವರು ಅಂಗಡಿ ಮುಚ್ಚಿದರೂ ನಿಮ್ಮ ಬರಹದ ಫೈಲ್‌ಗಳು ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತವೆ, ಯಾವ ಎಡಿಟರ್‌ನಲ್ಲಾದರೂ ತೆರೆಯುತ್ತವೆ. ನನಗೆ ಇಷ್ಟವಾಗುವುದು ಅದೇ.

ಬಿಲ್ಡರ್ ವಿಷಯಕ್ಕೆ ಬರುತ್ತೇನೆ. ವಿಕ್ಸ್, ಸ್ಕ್ವೇರ್‌ಸ್ಪೇಸ್ ಅಂತೆಲ್ಲ ಜಾಹೀರಾತು ನೋಡಿರುತ್ತೀರಿ. ಖಾತೆ ತೆರೆದು, ಟೆಂಪ್ಲೇಟ್ ಆರಿಸಿ, ಎಳೆದು ಎಳೆದು ಇಡುವುದು. ನಿಮ್ಮ ಲೇಖಕರು ಇದನ್ನೇ ಮೊದಲ ಸ್ಥಾನಕ್ಕೆ ಹಾಕಿದ್ದರು. ಇದನ್ನು ಸುಮ್ನೆ ತೆಗೆದುಹಾಕುವ ಹಾಗಿಲ್ಲ. ಸರ್ವರ್, ಅಪ್‌ಡೇಟ್, ಭದ್ರತೆ ಯಾವುದರ ಗೊಡವೆಯೂ ಬೇಡ, ತಿಂಗಳು ತಿಂಗಳು ದುಡ್ಡು ಕಟ್ಟುತ್ತೇನೆ, ಆದರೆ ವಾರಕ್ಕೊಮ್ಮೆ ನಾನೇ ಕೈಯಾಡಿಸುತ್ತೇನೆ ಅನ್ನುವವರಿಗೆ ಇದು ಒಳ್ಳೆಯ ದಾರಿ. ಒಬ್ಬರೇ ಎಲ್ಲ ನಿಭಾಯಿಸುವ ಕಡೆ ನಾನೇ ಇದನ್ನು ಹೇಳಿದ್ದುಂಟು. ಆದರೆ ಹೊರಬರುವ ಬಾಗಿಲು ಎಲ್ಲಿದೆ ಅಂತ ಒಳಗೆ ಹೋಗುವ ಮೊದಲೇ ನೋಡಿಕೊಳ್ಳಬೇಕು. ವಿಕ್ಸ್‌ನಲ್ಲಿ ಕಟ್ಟಿದ ಸೈಟ್ ಅನ್ನು ಹಾಗೇ ಎತ್ತಿ ಬೇರೆ ಹೋಸ್ಟಿಂಗ್‌ನಲ್ಲಿ (ಸೈಟ್ ಇಡಲು ಬಾಡಿಗೆಗೆ ಪಡೆಯುವ ಜಾಗದಲ್ಲಿ) ಇಡಲು ಬರುವುದಿಲ್ಲ, ಅವರೇ ಅದನ್ನು ಹೇಳುತ್ತಾರೆ, ಯಾರೂ ಓದುವುದಿಲ್ಲ ಅಷ್ಟೇ. ಡೊಮೈನ್, ಅಂದರೆ ಸೈಟ್‌ನ ವಿಳಾಸವಾಗಿ ಕೊಂಡ ಹೆಸರನ್ನು, ತೆಗೆದುಕೊಂಡು ಹೋಗಬಹುದು. ಪುಟಗಳನ್ನು ಮಾತ್ರ ಇನ್ನೊಂದು ಕಡೆ ಮೊದಲಿನಿಂದ ಕಟ್ಟಬೇಕು.

ಉಚಿತ ಅಂದರೆ ಇನ್ನೂ ಜಾಸ್ತಿ ನೋಡಬೇಕು. ಗೂಗಲ್ ಬಿಸಿನೆಸ್ ಪ್ರೊಫೈಲ್ ಇದ್ದವರಿಗೆ ಒಂದು ಪುಟದ ಸೈಟ್ ಪುಕ್ಕಟೆ ಸಿಗುತ್ತಿತ್ತು, ನೆನಪಿದೆಯಾ? ಎಷ್ಟೋ ಸಣ್ಣ ವ್ಯಾಪಾರಿಗಳು ಅದನ್ನೇ ತಮ್ಮ ವೆಬ್‌ಸೈಟ್ ಅಂತ ಬೋರ್ಡ್ ಮೇಲೆ, ವಿಸಿಟಿಂಗ್ ಕಾರ್ಡ್ ಮೇಲೆ ಹಾಕಿಸಿಕೊಂಡಿದ್ದರು. 2024ರ ಮಾರ್ಚ್‌ನಲ್ಲಿ ಗೂಗಲ್ ಅವನ್ನೆಲ್ಲ ಮುಚ್ಚಿತು. ಜೂನ್ ತನಕ ಹಳೆಯ ವಿಳಾಸಕ್ಕೆ ಹೋದವರನ್ನು ಪ್ರೊಫೈಲ್‌ಗೆ ಕಳಿಸುತ್ತಿತ್ತು, ಆಮೇಲೆ ಅದೂ ಇಲ್ಲ. ಇದು ಹೊಸದೇನಲ್ಲ. ಯಾಹೂ 1999ರಲ್ಲಿ ಕೊಂಡ ಜಿಯೋಸಿಟೀಸ್‌ನಲ್ಲಿ ಲಕ್ಷಾಂತರ ಜನರ ಪುಟಗಳಿದ್ದವು, 2009ರಲ್ಲಿ ಬಾಗಿಲು ಹಾಕಿತು, ಕೆಲವು ಸ್ವಯಂಸೇವಕರು ಹಗಲು ರಾತ್ರಿ ಕೂತು ನಕಲು ಮಾಡಿಟ್ಟುಕೊಂಡದ್ದಷ್ಟೇ ಉಳಿಯಿತು. ಕಂಪನಿಗಳು ಮೋಸ ಮಾಡಿದವು ಅಂತ ನಾನು ಹೇಳುತ್ತಿಲ್ಲ. ಅವರಿಗೆ ಲಾಭ ಕಾಣಲಿಲ್ಲ, ನಿಲ್ಲಿಸಿದರು. ಸ್ವಂತ ಡೊಮೈನ್ ಇದ್ದವರು ಅದನ್ನು ಇನ್ನೊಂದು ಕಡೆ ತಿರುಗಿಸಿಕೊಂಡರು, ಕಾರ್ಡ್ ಮೇಲಿನ ವಿಳಾಸ ಹಾಗೇ ಉಳಿಯಿತು. ಉಚಿತ ವಿಳಾಸ ನೆಚ್ಚಿಕೊಂಡವರು ಕಾರ್ಡ್ ಮತ್ತೆ ಅಚ್ಚು ಹಾಕಿಸಬೇಕಾಯಿತು.

ಫೇಸ್‌ಬುಕ್ ಪೇಜೋ ಇನ್‌ಸ್ಟಾಗ್ರಾಮ್ ಖಾತೆಯೋ ಇದ್ದರೆ ಸೈಟ್ ಯಾಕೆ ಬೇಕು ಅಂತ ಕೇಳುವವರಿಗೂ ಇದೇ ಉತ್ತರ. ಇರಲಿ, ಅದೂ ಇರಲಿ. ಅದೊಂದನ್ನೇ ನಂಬಿ ಕೂರಬೇಡಿ.

ವರ್ಡ್‌ಪ್ರೆಸ್ ಬಗ್ಗೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಯಾಕೆಂದರೆ ನನ್ನ ಅನ್ನ ಬರುವುದೇ ಹೆಚ್ಚಾಗಿ ಅದರಿಂದ. 2003ರಲ್ಲಿ ಮ್ಯಾಟ್ ಮುಲನ್‌ವೆಗ್, ಮೈಕ್ ಲಿಟಲ್ ಇಬ್ಬರೂ ಸೇರಿ ಶುರು ಮಾಡಿದ್ದು. ಆಗ ಬರಿ ಬ್ಲಾಗ್ ಬರೆಯುವವರಿಗಾಗಿ ಇತ್ತು. ಇವತ್ತು ಜಗತ್ತಿನ ವೆಬ್‌ಸೈಟ್‌ಗಳಲ್ಲಿ ನೂರಕ್ಕೆ 40ರಷ್ಟು ಅದರ ಮೇಲೆ ನಿಂತಿವೆ. ಸಾಫ್ಟ್‌ವೇರ್ ಪುಕ್ಕಟೆ, ಕೋಡ್ ಮುಕ್ತ, ನಿಮ್ಮ ಸೈಟ್ ಅನ್ನು ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಎತ್ತಿಕೊಂಡು ಹೋಗಬಹುದು. ಎರಡು ದಿನಕ್ಕೊಂದು ಲೇಖನ ಹಾಕುವವರಿಗೆ, ಮೂರ್ನಾಲ್ಕು ಜನ ಸೇರಿ ಬರೆಯುವ ಕಡೆಗೆ ಇದಕ್ಕಿಂತ ಒಳ್ಳೆಯದು ಸುಲಭಕ್ಕೆ ಸಿಗುವುದಿಲ್ಲ. ಒಂದು ಗೊಂದಲ ಮಾತ್ರ ಮೊದಲೇ ಬಿಡಿಸಿಕೊಳ್ಳಿ, ನಿಮ್ಮ ಲೇಖನದಲ್ಲೂ ಅದು ಕಲಸಿಹೋಗಿತ್ತು. ವರ್ಡ್‌ಪ್ರೆಸ್ ಡಾಟ್ ಕಾಮ್ ಅನ್ನುವುದು ಒಂದು ಕಂಪನಿ ನಡೆಸುವ ಸೇವೆ, ಅಲ್ಲಿ ಖಾತೆ ತೆರೆದರೆ ಸರ್ವರ್ ಅವರೇ ನೋಡಿಕೊಳ್ಳುತ್ತಾರೆ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ಸಾಫ್ಟ್‌ವೇರ್, ಅದನ್ನು ಇಳಿಸಿಕೊಂಡು ನಿಮ್ಮದೇ ಹೋಸ್ಟಿಂಗ್‌ನಲ್ಲಿ ಹಾಕಬೇಕು, ಮುಂದಿನ ಜವಾಬ್ದಾರಿಯೂ ನಿಮ್ಮದೇ.

ಆ ಜವಾಬ್ದಾರಿ ಅನ್ನುವುದು ಏನು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ವರ್ಷಗಟ್ಟಲೆ ಯಾರೂ ಮುಟ್ಟದ ವರ್ಡ್‌ಪ್ರೆಸ್ ಸೈಟ್‌ಗೆ ಲಾಗಿನ್ ಆದರೆ ಮೊದಲು ಕಾಣುವುದು ಎಡಗಡೆ ಮೆನುವಿನಲ್ಲಿ ಅಪ್‌ಡೇಟ್ ಬಾಕಿ ಇದೆ ಅಂತ ಹೇಳುವ ಸಣ್ಣ ಗುಂಡು ಅಂಕಿ. ಒಳಗೆ ಹೋದರೆ ಪ್ಲಗಿನ್‌ಗಳ ಸಾಲು. ಫಾರ್ಮ್‌ಗೆ ಒಂದು, ಚಿತ್ರಗಳನ್ನು ಸರಿಸಿ ತೋರಿಸುವ ಸ್ಲೈಡರ್‌ಗೆ ಎರಡು (ಯಾಕೆ ಎರಡು ಅಂತ ಕೇಳಬೇಡಿ), ಯಾವಾಗಲೋ ಒಂದು ಸಲ ಬೇಕಾಗಿ ಹಾಕಿ ಮರೆತದ್ದು ಇನ್ನೊಂದಷ್ಟು. ಅದರಲ್ಲಿ ಕೆಲವನ್ನು ಬರೆದವರೇ ಕೈಬಿಟ್ಟಿರುತ್ತಾರೆ. ವರ್ಡ್‌ಪ್ರೆಸ್ ಸೈಟ್‌ಗಳಿಗೆ ಕಳ್ಳರು ನುಗ್ಗುವುದು ಹೆಚ್ಚಾಗಿ ಇಂಥ ಪ್ಲಗಿನ್‌ಗಳ ತೂತಿನಿಂದಲೇ, ಮೂಲ ವರ್ಡ್‌ಪ್ರೆಸ್‌ನಿಂದ ಕಡಿಮೆ. 2013ರಲ್ಲಿ ಬಂದ 3.7ನೇ ಆವೃತ್ತಿಯಿಂದ ಮೂಲ ಸಾಫ್ಟ್‌ವೇರ್‌ನ ಸಣ್ಣಪುಟ್ಟ ಭದ್ರತಾ ಅಪ್‌ಡೇಟ್ ತಾನೇ ಆಗುತ್ತದೆ. ಪ್ಲಗಿನ್‌ಗೆ ನೀವೇ ಹೇಳಿಡಬೇಕು. ಎಲ್ಲವನ್ನೂ ಒಂದೇ ಏಟಿಗೆ ಅಪ್‌ಡೇಟ್ ಮಾಡಿದರೆ ಒಂದಕ್ಕೊಂದು ಹೊಂದದೆ ಸೈಟ್ ಖಾಲಿ ಬಿಳಿ ಪುಟವಾಗುವುದೂ ಉಂಟು. ಅದಕ್ಕೆ ಹೆದರಿ ಮಾಡದೆ ಬಿಟ್ಟರೆ ಮೊದಲಿನ ತೊಂದರೆ.

ಬ್ಯಾಕಪ್ ಇದೆಯಾ ಅಂತ ಕೇಳಿದರೆ 'ಇದೆ ಇದೆ' ಅಂತಾರೆ. ಎಲ್ಲಿದೆ? ಅದೇ ಸರ್ವರ್‌ನಲ್ಲಿ. ಸರ್ವರ್ ಹೋದರೆ ಬ್ಯಾಕಪ್ಪೂ ಅದರ ಜೊತೆಗೇ ಹೋಗುತ್ತದೆ, ಅಲ್ವಾ? ವರ್ಡ್‌ಪ್ರೆಸ್‌ನಲ್ಲಿ ಚಿತ್ರ, ಥೀಮ್ (ಸೈಟ್‌ನ ರೂಪ ನೋಡಿಕೊಳ್ಳುವ ಫೈಲ್‌ಗಳು), ಪ್ಲಗಿನ್ ಒಂದು ಕಡೆ ಫೈಲ್‌ಗಳಾಗಿ ಇರುತ್ತವೆ, ಬರಹವೆಲ್ಲ ಡೇಟಾಬೇಸ್‌ನಲ್ಲಿ ಇನ್ನೊಂದು ಕಡೆ ಇರುತ್ತದೆ. ಎರಡೂ ಬೇಕು. ಫೈಲ್‌ಗಳನ್ನು ಮಾತ್ರ ಜೋಪಾನವಾಗಿ ಇಳಿಸಿಟ್ಟುಕೊಂಡು ಡೇಟಾಬೇಸ್ ಮರೆತವರ ಕೈಯಲ್ಲಿ ಉಳಿಯುವುದು ಚಿತ್ರಗಳು ಮಾತ್ರ, ಒಂದು ಸಾಲು ಬರಹ ಇರುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಎಕ್ಸ್‌ಪೋರ್ಟ್ ಗುಂಡಿ ಇದೆಯಲ್ಲ ಅಂತೀರಾ? ಇದೆ. ಒತ್ತಿದರೆ ಒಂದು ಎಕ್ಸ್‌ಎಂಎಲ್ ಫೈಲ್ ಕೊಡುತ್ತದೆ. ಅದರಲ್ಲಿ ಲೇಖನ, ಪುಟ, ಕಾಮೆಂಟ್ ಎಲ್ಲ ಇರುತ್ತದೆ, ಚಿತ್ರಗಳು ಇರುವುದಿಲ್ಲ, ಚಿತ್ರಗಳ ವಿಳಾಸ ಮಾತ್ರ ಇರುತ್ತದೆ. ಹೊಸ ಕಡೆ ಇಂಪೋರ್ಟ್ ಮಾಡುವಾಗ ಆ ವಿಳಾಸ ಹಿಡಿದು ಹಳೆಯ ಸೈಟ್‌ನಿಂದ ಚಿತ್ರಗಳನ್ನು ಎಳೆದುಕೊಳ್ಳುತ್ತದೆ. ಹಳೆಯ ಹೋಸ್ಟಿಂಗ್ ಅಷ್ಟರಲ್ಲಿ ಮುಚ್ಚಿಬಿಟ್ಟಿದ್ದರೆ ಎಳೆಯುವುದು ಎಲ್ಲಿಂದ? ದುಡ್ಡು ಉಳಿಸಲು ಮೊದಲು ಹಳೆಯದನ್ನು ನಿಲ್ಲಿಸಿ ಆಮೇಲೆ ಸಾಗಿಸಲು ಹೊರಡುವವರಿಗೆ ಈ ಗತಿ ಆಗುತ್ತದೆ. ಹೊಸದು ಪೂರ್ತಿ ಎದ್ದು ನಿಂತು, ಚಿತ್ರಗಳೆಲ್ಲ ಬಂದಿವೆ ಅಂತ ನೋಡಿದ ಮೇಲೆ ಹಳೆಯದಕ್ಕೆ ಕೈ ಮುಗಿಯಿರಿ.

ಇನ್ನು ವರ್ಡ್‌ಪ್ರೆಸ್ ಒಳಗೆ ಪೇಜ್ ಬಿಲ್ಡರ್ ಅಂತ ಇನ್ನೊಂದು ಪದರ ಹಾಕುತ್ತಾರೆ. ಎಳೆದು ಇಡುವ ಸುಖ ಇಲ್ಲೂ ಸಿಗಲಿ ಅಂತ. ಕೆಲವು ಹಳೆಯ ಬಿಲ್ಡರ್‌ಗಳನ್ನು ಆಫ್ ಮಾಡಿ ನೋಡಿ, ಪುಟದಲ್ಲಿ ನಿಮ್ಮ ಬರಹದ ಒಂದೊಂದು ಪ್ಯಾರಾದ ಹಿಂದೆ ಮುಂದೆ ಚೌಕ ಕಂಸದೊಳಗೆ ಏನೇನೋ ಕೋಡ್ ಸಾಲು ಸಾಲಾಗಿ ಎದ್ದು ಕೂರುತ್ತವೆ, ಅದನ್ನು ಕೈಯಲ್ಲಿ ಒಂದೊಂದಾಗಿ ಆರಿಸಿ ತೆಗೆಯಬೇಕು. ವರ್ಡ್‌ಪ್ರೆಸ್ ಮುಕ್ತ, ಎಲ್ಲಿಗೆ ಬೇಕಾದರೂ ಹೋಗಬಹುದು ಅಂತ ಆರಿಸಿಕೊಂಡು, ಅದರೊಳಗೆ ಒಂದು ಬಿಲ್ಡರ್‌ಗೆ ಕಟ್ಟುಬಿದ್ದರೆ ಏನು ಬಂತು? 2018ರ ಕೊನೆಯಿಂದ ವರ್ಡ್‌ಪ್ರೆಸ್‌ನಲ್ಲೇ ಬ್ಲಾಕ್ ಎಡಿಟರ್ ಇದೆ, ಬರಹ ಚಿತ್ರಗಳನ್ನು ತುಂಡು ತುಂಡಾಗಿ ಜೋಡಿಸುವುದು. ಸಣ್ಣ ಸೈಟ್‌ಗೆ ಅದೇ ಸಾಕು, ಅಷ್ಟು ಚಂದ ಕಾಣದಿದ್ದರೂ.

ಸಾಮಾನು ಮಾರುವವರ ವಿಷಯ ಬೇರೆ. ಸ್ಟಾಕ್, ತೆರಿಗೆ, ಪಾವತಿ, ವಾಪಸಾತಿ ಇಷ್ಟೆಲ್ಲ ಇರುವ ಕಡೆ ಸ್ವಂತ ಕೋಡ್ ಬರೆಸುವ ಸಾಹಸಕ್ಕೆ ಕೈ ಹಾಕಬೇಡಿ. ಶಾಪಿಫೈ ಥರದ ಸೇವೆ ಹಿಡಿಯಿರಿ, ಇಲ್ಲವೇ ನೋಡಿಕೊಳ್ಳುವ ಜನ ಇದ್ದರೆ ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ ಅನ್ನುವ ಅಂಗಡಿ ಪ್ಲಗಿನ್. ಜನರ ಕಾರ್ಡ್ ನಂಬರ್ ನಿಮ್ಮ ಸರ್ವರ್‌ಗೆ ಬರಲೇಬಾರದು, ಪಾವತಿ ನಡೆಸಿಕೊಡುವ ಪೇಮೆಂಟ್ ಗೇಟ್‌ವೇ ಕಂಪನಿ ಅದನ್ನು ನೋಡಿಕೊಳ್ಳಲಿ.

ಡೆವಲಪರ್‌ಗೆ ಒಪ್ಪಿಸಿದರೆ ನಿಶ್ಚಿಂತೆ ಅಂತ ಲೇಖನದಲ್ಲಿತ್ತು. ಒಳ್ಳೆಯ ಡೆವಲಪರ್‌ಗಳು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರು ತಮಗೆ ಬರುವುದರಲ್ಲಿ ಕಟ್ಟುತ್ತಾರೆ, ಅದು ನಿಮಗೆ ಬೇಕಾದ್ದೇ ಆಗಿರಬೇಕು ಅಂತಿಲ್ಲ. ಐದು ಪುಟದ ಸೈಟ್‌ಗೆ ರಿಯಾಕ್ಟ್ ಹಾಕಿ ಕೊಟ್ಟದ್ದನ್ನು ನೋಡಿದ್ದೇನೆ. ಫೇಸ್‌ಬುಕ್‌ನವರು 2013ರಲ್ಲಿ ಹೊರಬಿಟ್ಟ ಕೋಡ್ ಲೈಬ್ರರಿ (ಸಿದ್ಧ ಕೋಡ್‌ನ ಕಟ್ಟು) ಅದು, ಕ್ಷಣಕ್ಷಣಕ್ಕೂ ಬದಲಾಗುವ ತೆರೆಗಳಿಗೆ ಬಹಳ ಒಳ್ಳೆಯದು. ವಿಳಾಸ ಮತ್ತು ಸಮಯ ತೋರಿಸುವ ಪುಟಕ್ಕೆ ಅದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಒಂದು ಸಾಲು ಬದಲಾಯಿಸಲು ಇಡೀ ಪ್ರಾಜೆಕ್ಟ್ ಬಿಲ್ಡ್ ಆಗಬೇಕು, ಅಂದರೆ ಮತ್ತೆ ತಯಾರಾಗಬೇಕು, ಬಿಲ್ಡ್ ಮಾಡಲು ಹಳೆಯ ಆವೃತ್ತಿಯ ನೂರೆಂಟು ಪ್ಯಾಕೇಜ್ ಬೇಕು, ಅವು ಈಗ ಒಂದಕ್ಕೊಂದು ಮಾತಾಡುವುದಿಲ್ಲ. ಮಾಡಿಕೊಟ್ಟವರು ಬೇರೆ ಕೆಲಸಕ್ಕೆ ಹೋಗಿಯಾಗಿದೆ. ಒಪ್ಪಿಸುವ ಮೊದಲು ಕೇಳಿ, ನಾನು ಒಬ್ಬನೇ ಕೂತು ಒಂದು ಸಾಲು ಬದಲಾಯಿಸಬೇಕಾದರೆ ಏನು ಮಾಡಬೇಕು, ಈಗ ನನ್ನ ಮುಂದೆ ಮಾಡಿ ತೋರಿಸಿ ಅಂತ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ ಬಂದರೆ ಬೇರೆಯವರನ್ನು ನೋಡಿ.

ಈಗ ಎಐ ಬಂದಿದೆ, ನಾಲ್ಕು ಸಾಲು ಹೇಳಿದರೆ ಸೈಟ್ ತಯಾರು. ನಾನೂ ಬಳಸುತ್ತೇನೆ, ಸುಳ್ಳು ಯಾಕೆ ಹೇಳಲಿ, ಸಿಎಸ್ಎಸ್‌ನಲ್ಲಿ ಒದ್ದಾಡುತ್ತಿದ್ದ ಕೆಲಸ ಬೇಗ ಮುಗಿಯುತ್ತದೆ. ಇದರಿಂದ ಬರಿ ಎಚ್‌ಟಿಎಂಎಲ್ ದಾರಿ ಮೊದಲಿಗಿಂತ ಸುಲಭವಾಗಿದೆ ಅನ್ನುವುದು ನನ್ನ ಅಭಿಪ್ರಾಯ. ಆದರೆ ಕೇಳುವಾಗ ಸರಿಯಾಗಿ ಕೇಳಿ. ಸುಮ್ನೆ 'ವೆಬ್‌ಸೈಟ್ ಮಾಡಿಕೊಡು' ಅಂದರೆ ಅದು ಎಲ್ಲೆಲ್ಲಿಯ ಫ್ರೇಮ್‌ವರ್ಕ್ (ರಿಯಾಕ್ಟ್ ಥರದ ಸಿದ್ಧ ಕೋಡ್ ಚೌಕಟ್ಟು) ತಂದು ಸುರಿಯಬಹುದು. 'ಫ್ರೇಮ್‌ವರ್ಕ್ ಬೇಡ, ಎಚ್‌ಟಿಎಂಎಲ್ ಮತ್ತು ಸಿಎಸ್ಎಸ್ ಮಾತ್ರ, ಎಲ್ಲಿ ಏನಿದೆ ಅಂತ ಕನ್ನಡದಲ್ಲಿ ಟಿಪ್ಪಣಿ ಹಾಕು' ಅಂತ ಹೇಳಿ. ಬಂದ ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲಿ ತೆರೆಯುತ್ತದಾ ನೋಡಿ. ತೆರೆದರೆ ಅದು ನಿಮ್ಮದು.

ಯಾವ ದಾರಿ ಹಿಡಿದರೂ ಒಂದೆರಡು ವಿಷಯ ತಪ್ಪುವುದಿಲ್ಲ. ಫೋನ್ ಕ್ಯಾಮೆರಾದಲ್ಲಿ ತೆಗೆದ ನಾಲ್ಕೈದು ಎಂಬಿ ಚಿತ್ರವನ್ನು ಹಾಗೇ ಹಾಕಬೇಡಿ, ಸಣ್ಣದು ಮಾಡಿ ಹಾಕಿ. ಪುಟದ ಮುಖ್ಯ ಭಾಗ 2.5 ಸೆಕೆಂಡ್ ಒಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟಿರುವ ಅಳತೆ, ಅದನ್ನು ಮೀರಿಸುವುದು ಹೆಚ್ಚಾಗಿ ಈ ಚಿತ್ರಗಳೇ. ಕನ್ನಡ ಬರಹ ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ಅರ್ಥವಾಗುವ ಯೂನಿಕೋಡ್‌ನಲ್ಲೇ ಇರಲಿ. ಡಿಟಿಪಿಗೆ ಬಳಸುವ ಹಳೆಯ ಫಾಂಟ್‌ನಿಂದ ಎತ್ತಿ ಹಾಕಿದರೆ ಆ ಫಾಂಟ್ ಇಲ್ಲದವರಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ, ಹುಡುಕಿದರೂ ಸಿಗುವುದಿಲ್ಲ. ಕನ್ನಡವನ್ನೇ ಚಿತ್ರ ಮಾಡಿ ಅಂಟಿಸುವುದು ಅದಕ್ಕಿಂತ ಕೆಟ್ಟದ್ದು. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದಲಾರದು.

ಕೊನೆಗೆ ಡೊಮೈನ್. ಎಲ್ಲಕ್ಕಿಂತ ಮೊದಲು ಬರೆಯಬೇಕಿದ್ದದ್ದು ಇದೇ. ಸೈಟ್ ಹಾಳಾದರೆ ಮತ್ತೆ ಕಟ್ಟಬಹುದು, ಡೊಮೈನ್ ಕೈತಪ್ಪಿದರೆ ಕಷ್ಟ. ಮಾಡಿಕೊಡುವವರು 'ಅದೆಲ್ಲ ನಾವೇ ನೋಡಿಕೊಳ್ಳುತ್ತೇವೆ' ಅಂತ ತಮ್ಮ ಹೆಸರಲ್ಲಿ, ತಮ್ಮ ಮೇಲ್ ಕೊಟ್ಟು ಕೊಂಡುಬಿಡುತ್ತಾರೆ. ಮೋಸ ಮಾಡಬೇಕು ಅಂತಲೇ ಇರುವುದಿಲ್ಲ, ಅವರಿಗೆ ಅದು ಬೇಗ ಆಗುವ ಕೆಲಸ. ಆದರೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಹಕ್ಕುದಾರರು. ರಿನ್ಯೂ ಮಾಡಿ ಅನ್ನುವ ಮೇಲ್ ಅವರಿಗೆ ಹೋಗುತ್ತದೆ, ಅವರು ಆ ಮೇಲ್ ನೋಡುವುದನ್ನೇ ಬಿಟ್ಟಿರುತ್ತಾರೆ. ಒಂದು ಸಂಸ್ಥೆಯವರು ಹೀಗೇ ಬಂದಿದ್ದರು. ಕಟ್ಟಿಕೊಟ್ಟ ಏಜೆನ್ಸಿ ಮುಚ್ಚಿಹೋಗಿತ್ತು, ಡೊಮೈನ್ ಅವರ ಖಾತೆಯಲ್ಲೇ ಸಿಕ್ಕಿಕೊಂಡಿತ್ತು. ಡೊಮೈನ್ ಮಾರುವ ಕಂಪನಿಗೆ, ಅಂದರೆ ರಿಜಿಸ್ಟ್ರಾರ್‌ಗೆ ಬರೆದರೆ 'ಖಾತೆ ಯಾರದೋ ಅವರೇ ಕೇಳಲಿ' ಅಂತ ಉತ್ತರ. ಬರೆದು ಬರೆದು ಸುಸ್ತಾಗಿ ಕೊನೆಗೆ ಅವರು ಬೇರೆ ಹೆಸರು ಕೊಂಡರು.

ಡಾಟ್ ಕಾಮ್ ಥರದ ಹೆಸರುಗಳಿಗೆ ಜಗತ್ತಿನ ಡೊಮೈನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮಗಳಿವೆ. ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ಕೊಳ್ಳಬಹುದು. ಕೊಂಡ ಮೇಲೆ ಬರುವ ಮೇಲ್‌ನಲ್ಲಿ ಲಿಂಕ್ ಒತ್ತಿ ವಿಳಾಸ ಖಚಿತ ಮಾಡಬೇಕು, 15 ದಿನದೊಳಗೆ ಮಾಡದಿದ್ದರೆ ಹೆಸರನ್ನು ತಡೆಹಿಡಿಯಬಹುದು. ಸ್ಪ್ಯಾಮ್ ಅಂತ ಅಳಿಸಿಬಿಡಬೇಡಿ. ಅವಧಿ ಮುಗಿದು ಡೊಮೈನ್ ಅಳಿಸಿಹೋದ ಮೇಲೂ 30 ದಿನ ಹಳೆಯ ಮಾಲೀಕರು ಬಿಡಿಸಿಕೊಳ್ಳಬಹುದು, ಮಾಮೂಲಿ ರಿನ್ಯೂವಲ್‌ಗಿಂತ ಬಹಳ ಜಾಸ್ತಿ ದುಡ್ಡು ಕೇಳುತ್ತಾರೆ. ಅದೂ ದಾಟಿದರೆ ಯಾರು ಬೇಕಾದರೂ ಕೊಳ್ಳಬಹುದು. ಹಳೆಯ ಹೆಸರು ಕೊಂಡು ಜೂಜಿನ ಜಾಹೀರಾತು ಹಾಕಲು ಕಾದು ಕೂತವರಿದ್ದಾರೆ.

ಡೊಮೈನ್ ಖಾತೆ ನಿಮ್ಮದೇ ಹೆಸರಲ್ಲಿದ್ದರೂ ಅದಕ್ಕೆ ಯಾವ ಮೇಲ್ ಕೊಟ್ಟಿದ್ದೀರಿ ಅಂತ ಒಂದು ಸಲ ನೋಡಿ. ಹೆಚ್ಚಿನವರು ತಮ್ಮ ಅದೇ ಡೊಮೈನ್‌ನ ಮೇಲ್ ಕೊಟ್ಟಿರುತ್ತಾರೆ, ನೋಡಲು ಚಂದ ಅಂತ. ಅವಧಿ ಮುಗಿದು ಡೊಮೈನ್ ಕೆಲಸ ನಿಲ್ಲಿಸಿದಾಗ ಸೈಟ್ ಜೊತೆಗೆ ಆ ಮೇಲ್ ಕೂಡ ನಿಲ್ಲುತ್ತದೆ. ಪಾಸ್‌ವರ್ಡ್ ಮರೆತಿದ್ದರೆ ರೀಸೆಟ್ ಲಿಂಕ್ ಹೋಗುವುದೂ ಅಲ್ಲಿಗೇ. ಆ ಒಂದು ಖಾತೆಗೆ ಬೇರೆ ಮೇಲ್ ಕೊಟ್ಟಿಡಿ.

ಇಂತಿ,
ನಿಮ್ಮ ಓದುಗ